ಸೈನಿಕನ ಪತ್ನಿ ಮರುಮದುವೆಯಾದರೆ ಪಿಂಚಣಿ ಏನಾಗುತ್ತದೆ?

ಪೊನ್ನಂಪೇಟೆಯ ಅಣ್ಣ:
ನನ್ನ ತಂಗಿಯ ಗಂಡ ಸೈನ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ತಂಗಿಗೆ ಇನ್ನೂ 31 ವರ್ಷ, ಮಗಳಿಗೆ ಆರು. ಗೋಣಿಕೊಪ್ಪದಲ್ಲಿ ವ್ಯಾಪಾರ ಮಾಡಿಕೊಂಡಿರುವ ಒಬ್ಬರು ಮಗುವಿನ ಸಮೇತ ಅವಳನ್ನು ಒಪ್ಪಿಕೊಂಡು ಮದುವೆಯಾಗಲು ಮುಂದೆ ಬಂದಿದ್ದಾರೆ. ನಮ್ಮಲ್ಲಿ ವಿಧವೆಯ ಮದುವೆಗೆ ಹಿಂದಿನಿಂದಲೂ ಅಡ್ಡಿಯಿಲ್ಲ, ಎರಡೂ ಒಕ್ಕದವರು, ಅಂದರೆ ಮನೆತನದವರು, ಸಮ್ಮತಿಸಿದ್ದಾರೆ. ಆದರೆ ಮದುವೆಯಾದ ದಿನವೇ ಪಿಂಚಣಿ ನಿಲ್ಲುತ್ತದೆ ಎಂಬ ಭಯ ಅವಳನ್ನು ಹಿಂದಕ್ಕೆ ಎಳೆಯುತ್ತಿದೆ. ಮನೆಯ ಮಟ್ಟಿಗೆ ಶಾಸ್ತ್ರ ಮುಗಿಸಿ, ನೋಂದಣಿ ಮಾಡಿಸದೆ ಸುಮ್ಮನಿದ್ದರಾಯಿತು ಎಂದು ಬಂಧುವೊಬ್ಬರು ಸಲಹೆ ಕೊಟ್ಟಿದ್ದಾರೆ. ತಿಳಿದವರು ದಾರಿ ಹೇಳಬೇಕು.

ನಿವೃತ್ತ ಸುಬೇದಾರ್, ವಿರಾಜಪೇಟೆ:
ಮೊದಲು ತಂಗಿಯವರ ಪಿಂಚಣಿ ಪಾವತಿ ಆದೇಶವನ್ನು, ಅಂದರೆ ಪಿಪಿಓವನ್ನು, ತೆಗೆದು ಅದರಲ್ಲಿ ಯಾವ ಬಗೆಯ ಪಿಂಚಣಿ ಎಂದು ಬರೆದಿದೆ ನೋಡಿ. ನಮ್ಮ ಕೊಡಗು ಜಿಲ್ಲೆಯಲ್ಲಿ ಮನೆಮನೆಗೆ ಸೈನಿಕರಿದ್ದರೂ ಈ ಒಂದು ಸಾಲನ್ನು ಓದಿದವರು ಕಡಿಮೆ. ಸೇವೆಗೆ ಸಂಬಂಧವಿಲ್ಲದ ಕಾರಣದಿಂದ ಸಾವು ಸಂಭವಿಸಿದ್ದರೆ ಸಾಮಾನ್ಯ ಕುಟುಂಬ ಪಿಂಚಣಿ ಸಿಗುತ್ತದೆ. ಅದರ ದರ ಕೊನೆಯ ವೇತನದ ಶೇಕಡಾ 30, ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರೆ ಮೊದಲ 10 ವರ್ಷ ಶೇಕಡಾ 50. ಸೇವೆಯ ಕಾರಣದಿಂದ ಬಂದ ಅಥವಾ ಸೇವೆಯಿಂದ ಉಲ್ಬಣಗೊಂಡ ಕಾಯಿಲೆಯಿಂದ ತೀರಿಕೊಂಡಿದ್ದರೆ ವಿಶೇಷ ಕುಟುಂಬ ಪಿಂಚಣಿ, ಅದು ಶೇಕಡಾ 60. ಯುದ್ಧ ಮತ್ತು ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯಂತಹ ಸಂದರ್ಭಗಳಿಗೆ ಉದಾರೀಕೃತ ಕುಟುಂಬ ಪಿಂಚಣಿ ಬೇರೆಯೇ ಇದೆ.

ಮರುಮದುವೆಯ ನಿಯಮವೂ ಈ ಬಗೆಯನ್ನು ಅನುಸರಿಸುತ್ತದೆ. ವಿಶೇಷ ಕುಟುಂಬ ಪಿಂಚಣಿ ಪಡೆಯುವ ಪತ್ನಿ ಮರುಮದುವೆಯಾದ ಮೇಲೂ ಮೊದಲ ಗಂಡನ ಮಕ್ಕಳನ್ನು ಸಾಕುತ್ತಿದ್ದರೆ ಪೂರ್ತಿ ಪಿಂಚಣಿ ಅವಳಿಗೇ ಮುಂದುವರಿಯುತ್ತದೆ. ಮಕ್ಕಳನ್ನು ಬಿಟ್ಟುಹೋದರೆ ಅರ್ಧ ಅವಳಿಗೆ, ಅರ್ಧ ಮಕ್ಕಳಿಗೆ. ಮಕ್ಕಳೇ ಇಲ್ಲದಿದ್ದರೆ ಪೂರ್ತಿ ಅವಳದೇ. ಸಾಮಾನ್ಯ ಕುಟುಂಬ ಪಿಂಚಣಿಯಲ್ಲಾದರೆ ಮಕ್ಕಳಿರುವ ವಿಧವೆಯ ಹಕ್ಕು ಮರುಮದುವೆಯೊಂದಿಗೆ ಮುಗಿಯುತ್ತದೆ. ಪಿಂಚಣಿ ಮಗುವಿನ ಹೆಸರಿಗೆ ಹೋಗಿ, ಪಾಲಕರ ಮೂಲಕ, ಮಗುವಿಗೆ 25 ವರ್ಷ ತುಂಬುವವರೆಗೆ ಅಥವಾ ಅದಕ್ಕೂ ಮುಂಚೆ ಮದುವೆಯೋ ಸ್ವಂತ ಸಂಪಾದನೆಯೋ ಆಗುವವರೆಗೆ ಬರುತ್ತದೆ. ಪಿಪಿಓ ನೋಡದೆ ಪಿಂಚಣಿ ನಿಲ್ಲುತ್ತದೆ ಎಂದಾಗಲಿ ನಿಲ್ಲುವುದಿಲ್ಲ ಎಂದಾಗಲಿ ಹೇಳುವವರ ಮಾತನ್ನು ಕೇಳಬೇಡಿ.

ಕಕ್ಕಬ್ಬೆಯ ಹಿರಿಯರು:
ಸುಬೇದಾರರು ಹೇಳಿದ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ನಿಯಮದ ನ್ಯಾಯದ ಬಗ್ಗೆ ನನಗೆ ಬೇರೆ ಅಭಿಪ್ರಾಯವಿದೆ. ಸತ್ತ ಸೈನಿಕನ ಹೆಸರಿನಲ್ಲಿ ಬರುವ ಹಣ ಅವನ ರಕ್ತಕ್ಕೆ ಸೇರಬೇಕು. ಹೆಂಡತಿ ಇನ್ನೊಂದು ಒಕ್ಕಕ್ಕೆ ಹೋದ ಮೇಲೆ ಅವಳನ್ನು ನೋಡಿಕೊಳ್ಳುವ ಹೊಣೆ ಹೊಸ ಗಂಡನದು. ಆ ಮೇಲೂ ಪಿಂಚಣಿ ಅವಳ ಕೈಗೇ ಬಂದರೆ, ಸತ್ತವನ ವಯಸ್ಸಾದ ತಂದೆ ತಾಯಿ ಇಲ್ಲಿ ಬರಿಗೈಯಲ್ಲಿ ಕುಳಿತಿರುವಾಗ, ಅವನ ಹಣ ಬೇರೆ ಮನೆಯ ಸಂಸಾರಕ್ಕೆ ಖರ್ಚಾಗುತ್ತದೆ. ಮರುಮದುವೆ ಬೇಡ ಎಂದು ನಾನು ಹೇಳುತ್ತಿಲ್ಲ. ಹಣ ಮಗುವಿಗೆ ಹೋಗಲಿ, ಮಗುವಿಲ್ಲದಿದ್ದರೆ ಹೆತ್ತವರಿಗೆ ಹೋಗಲಿ ಎನ್ನುತ್ತೇನೆ.

ಮಡಿಕೇರಿಯ ವಕೀಲೆ:
ಹಿರಿಯರು ಎತ್ತಿದ ಹೆತ್ತವರ ಪ್ರಶ್ನೆ ನಿಜವಾದದ್ದು; ಮಗ ಸತ್ತ ಮೇಲೆ ಸೊಸೆ ಮತ್ತು ಅತ್ತೆ ಮಾವಂದಿರ ನಡುವೆ ನಡೆಯುವ ಹೆಚ್ಚಿನ ಜಗಳಗಳ ಬುಡದಲ್ಲಿ ಈ ಪ್ರಶ್ನೆಯೇ ಇರುತ್ತದೆ. ಆದರೂ ಅವರ ವಾದದ ಮೂಲವನ್ನು ನಾನು ಒಪ್ಪುವುದಿಲ್ಲ. ಪಿಂಚಣಿ ಸರ್ಕಾರ ದಯೆಯಿಂದ ಕೊಡುವ ದಾನವಲ್ಲ, ನೌಕರನು ದುಡಿದು ಗಳಿಸಿದ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್‌ನಲ್ಲಿ ನಕಾರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಗಡಿಯಲ್ಲಿದ್ದ ಗಂಡನ ಸೇವೆಯಲ್ಲಿ ಇಲ್ಲಿ ಮನೆ, ತೋಟ, ಮಗು, ಅತ್ತೆ ಮಾವಂದಿರನ್ನು ನೋಡಿಕೊಂಡವಳ ದುಡಿಮೆಯೂ ಸೇರಿದೆ. ಅವಳು ಇನ್ನೊಬ್ಬರ ಕೈ ಹಿಡಿದ ಮಾತ್ರಕ್ಕೆ ಆ ವರ್ಷಗಳು ಅಳಿಸಿಹೋಗುವುದಿಲ್ಲ.

ಶೌರ್ಯ ಪದಕಗಳಿಗೆ ಸೇರಿದ ಮಾಸಿಕ ಭತ್ಯೆಯ ವಿಷಯದಲ್ಲಿ ಹಿಂದೆ ಒಂದು ಷರತ್ತಿತ್ತು: ವಿಧವೆಯು ಸತ್ತ ಗಂಡನ ಸೋದರನನ್ನೇ ಮದುವೆಯಾದರೆ ಮಾತ್ರ ಭತ್ಯೆ ಮುಂದುವರಿಯುತ್ತಿತ್ತು. ಹಣ ಮನೆಯೊಳಗೇ ಉಳಿಯಬೇಕು ಎಂಬ ಹಿರಿಯರ ಯೋಚನೆಯೇ ಅದರ ಹಿಂದೆ ಇತ್ತು, ಆದರೆ ಅದರ ಬೆಲೆಯಾಗಿ ಹೆಣ್ಣು ಯಾರನ್ನು ವರಿಸಬೇಕೆಂಬುದನ್ನು ಸರ್ಕಾರ ಗೊತ್ತುಮಾಡುತ್ತಿತ್ತು. ರಕ್ಷಣಾ ಸಚಿವಾಲಯ 2017ರ ನವೆಂಬರ್‌ನಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಈಗ ಯಾರನ್ನು ಮದುವೆಯಾದರೂ ಆ ಭತ್ಯೆ ಅವಳ ಜೀವಮಾನದುದ್ದಕ್ಕೂ ಬರುತ್ತದೆ. ಉಳಿದ ನಿಯಮಗಳೂ ಅದೇ ದಿಕ್ಕಿನಲ್ಲಿ ಸಾಗಬೇಕೆಂಬುದು ನನ್ನ ನಿಲುವು.

ಇನ್ನು ನೋಂದಣಿ ಮಾಡಿಸದೆ ಸುಮ್ಮನಿರಿ ಎಂಬ ಸಲಹೆಯ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ: ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗುವುದು ಸಂಪ್ರದಾಯದ ವಿಧಿಗಳಿಂದ. ನೋಂದಣಿ ಇಲ್ಲವೆಂದು ಮದುವೆ ಇಲ್ಲವಾಗುವುದಿಲ್ಲ. ಒಕ್ಕದವರ ಮುಂದೆ ದೀಪ ಹಚ್ಚಿ ಮದುವೆ ಮಾಡಿಸಿ, ಆಮೇಲೆ ಮರುಮದುವೆಯಾಗಿಲ್ಲ ಎಂದು ಪಿಂಚಣಿ ಕಾಗದಕ್ಕೆ ಸಹಿ ಹಾಕಿದರೆ ಅದು ಸುಳ್ಳು ಘೋಷಣೆ. ಯಾರಾದರೂ ಒಂದು ಅರ್ಜಿ ಬರೆದರೆ ಪಡೆದ ಹಣವನ್ನೆಲ್ಲ ಹಿಂದಿರುಗಿಸಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಾಳೆ ಆ ಎರಡನೆಯ ಗಂಡನಿಗೆ ಏನಾದರೂ ಆದರೆ, ಅವರ ಆಸ್ತಿಯಲ್ಲಿ ತಾನು ಪತ್ನಿ ಎಂದು ಸಾಬೀತುಪಡಿಸಲು ಹೊರಟ ಹೆಣ್ಣಿನ ಎದುರು ಅವಳದೇ ಸಹಿಯಿರುವ ಕಾಗದಗಳನ್ನು ಇಡುತ್ತಾರೆ.

ನಾಪೋಕ್ಲಿನ ಶಿಕ್ಷಕಿ:
ನನ್ನ ಮೊದಲ ಪತಿ ರಾಜ್ಯ ಸರ್ಕಾರದ ನೌಕರರಾಗಿದ್ದರು. ರಾಜ್ಯದಲ್ಲಿ 2002ರ ಕುಟುಂಬ ಪಿಂಚಣಿ ನಿಯಮಗಳಿವೆ. ವಿಧವೆಗೆ ಮರಣ ಅಥವಾ ಮರುಮದುವೆ, ಯಾವುದು ಮೊದಲೋ ಅಲ್ಲಿಯವರೆಗೆ ಪಿಂಚಣಿ. ನಾನು ಮದುವೆಯಾದ ಕೂಡಲೇ ಬರವಣಿಗೆಯಲ್ಲಿ ತಿಳಿಸಿದೆ. ನನ್ನ ಪಿಂಚಣಿ ಮುಂದಿನ ತಿಂಗಳೇ ನಿಂತಿತು, ಮಗನ ಹೆಸರಿಗೆ ಬದಲಾಗಿ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ನಿಲ್ಲಿಸುವ ಕಡತಕ್ಕಿದ್ದ ಅವಸರ ಆರಂಭಿಸುವ ಕಡತಕ್ಕೆ ಇರಲಿಲ್ಲ. ಆದ್ದರಿಂದ ಮರುಮದುವೆಯ ಮಾಹಿತಿ ಕೊಡುವ ದಿನವೇ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಪಾಲಕರ ಜೊತೆಗಿನ ಬ್ಯಾಂಕ್ ಖಾತೆಯ ವಿವರ ಎಲ್ಲವನ್ನೂ ಒಂದೇ ಅರ್ಜಿಯೊಂದಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ಪಿಂಚಣಿ ಮಗುವಿಗೆ ಹೋದರೆ ಮನೆಗೆ ಬರುವ ಹಣ ಇವತ್ತು ಕಡಿಮೆಯಾಗುವುದಿಲ್ಲ, ಹಾಗಾಗಿ ನಷ್ಟವೇ ಇಲ್ಲ ಎಂದು ಅನಿಸುತ್ತದೆ. ನಷ್ಟ ಕಾಣುವುದು ಮಗುವಿನ ವಯೋಮಿತಿ ಮುಗಿದಾಗ. ಮರುಮದುವೆಯಾಗದೆ ಉಳಿದಿದ್ದರೆ ಮುಪ್ಪಿನಲ್ಲೂ ಬರುತ್ತಿದ್ದ ಆ ಆಸರೆ ಆಗ ಇರುವುದಿಲ್ಲ. ತಂಗಿಯವರಿಗೆ ಆ ಹೊತ್ತಿಗೆ ಐವತ್ತು. ಅಷ್ಟರೊಳಗೆ ಅವರ ಹೆಸರಿನಲ್ಲಿಯೇ ಒಂದು ಉಳಿತಾಯವೋ ಉದ್ಯೋಗವೋ ಇರಲೇಬೇಕು. ಹೊಸ ಗಂಡ ಎಷ್ಟೇ ಒಳ್ಳೆಯವರಾಗಿದ್ದರೂ ಈ ಮಾತನ್ನು ಮದುವೆಗೆ ಮುಂಚೆಯೇ ಆಡಿ.

ಅಮ್ಮತ್ತಿಯ ಎಸ್ಟೇಟ್ ರೈಟರ್:
ತೋಟದ ಕಾರ್ಮಿಕರ ವಿಷಯವನ್ನೂ ಇಲ್ಲಿ ದಾಖಲಿಸುತ್ತೇನೆ, ಏಕೆಂದರೆ ಲೈನ್ ಮನೆಗಳಲ್ಲಿ ಇದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಭವಿಷ್ಯನಿಧಿಗೆ ಸೇರಿದ 1995ರ ಪಿಂಚಣಿ ಯೋಜನೆಯಲ್ಲೂ ವಿಧವೆಯ ಪಿಂಚಣಿ ಮರುಮದುವೆಯವರೆಗೆ ಮಾತ್ರ. ಆದರೆ ಮಕ್ಕಳ ಪಾಲು ಬೇರೆಯಾಗಿಯೇ ಬರುತ್ತದೆ: ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ, ತಲಾ ವಿಧವೆಯ ಪಿಂಚಣಿಯ ಶೇಕಡಾ 25ರಂತೆ, 25 ವರ್ಷ ವಯಸ್ಸಿನವರೆಗೆ. ತಾಯಿ ಮರುಮದುವೆಯಾದಳೆಂದು ಮಕ್ಕಳ ಹಣವೂ ಹೋಯಿತೆಂದು ತಿಳಿದು ಅರ್ಜಿಯನ್ನೇ ಹಾಕದವರನ್ನು ನಾನು ನೋಡಿದ್ದೇನೆ. ಈ ಯೋಜನೆಯ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಇಷ್ಟು ಸಣ್ಣ ಮೊತ್ತಕ್ಕೂ ಮರುಮದುವೆಯ ಷರತ್ತು ಬೇಕೇ ಎಂಬುದು ನನ್ನ ಪ್ರಶ್ನೆ.

ಅಮೆರಿಕದಲ್ಲಿರುವ ಕೊಡಗಿನವಳು:
ಇಲ್ಲಿಯೂ ಮರುಮದುವೆಯ ಷರತ್ತಿದೆ, ಆದರೆ ಅದನ್ನು ವಯಸ್ಸಿಗೆ ಕಟ್ಟಿದ್ದಾರೆ. ಸಾಮಾಜಿಕ ಭದ್ರತೆಯ ಬದುಕುಳಿದ ಸಂಗಾತಿಯ ಸೌಲಭ್ಯದಲ್ಲಿ, 60 ವರ್ಷಕ್ಕೆ ಮುಂಚೆ ಮರುಮದುವೆಯಾದರೆ ಆ ಮದುವೆ ಇರುವವರೆಗೆ ಮೊದಲ ಸಂಗಾತಿಯ ಲೆಕ್ಕದ ಹಣ ಸಿಗುವುದಿಲ್ಲ. 60ರ ನಂತರ, ಅಂಗವೈಕಲ್ಯವಿದ್ದರೆ 50ರ ನಂತರ, ಮದುವೆಯಾದರೆ ಬಾಧೆಯಿಲ್ಲ. ಸೇವೆಯ ಕಾರಣದಿಂದ ಮಡಿದ ಸೈನಿಕರ ಸಂಗಾತಿಗೆ ಕೊಡುವ ಪರಿಹಾರದಲ್ಲಿ ಈ ವಯಸ್ಸನ್ನು 2021ರ ಜನವರಿಯಿಂದ 57ರ ಬದಲು 55ಕ್ಕೆ ಇಳಿಸಿದ್ದಾರೆ. ಎರಡನೆಯ ಮದುವೆ ಸಾವಿನಿಂದಲೋ ವಿಚ್ಛೇದನದಿಂದಲೋ ಮುಗಿದರೆ ಮೊದಲ ಹಕ್ಕಿಗೆ ಮತ್ತೆ ಅರ್ಜಿ ಹಾಕಬಹುದು ಎಂಬುದು ಇಲ್ಲಿಯ ನಿಯಮದ ಒಳ್ಳೆಯ ಭಾಗ.

ಕಕ್ಕಬ್ಬೆಯ ಹಿರಿಯರು:
ಮತ್ತೆ ಅರ್ಜಿ ಹಾಕುವ ಆ ಅವಕಾಶ ನನಗೂ ಸರಿ ಎನಿಸುತ್ತದೆ. ಆದರೆ ಮೂವತ್ತರ ಹುಡುಗಿಗೆ ಅರವತ್ತರವರೆಗೆ ಕಾಯಿರಿ ಎನ್ನುವುದು ನಮ್ಮ ನಿಯಮಕ್ಕಿಂತ ಕಠಿಣವಾಗಿದೆ. ಶಿಕ್ಷಕಿಯವರು ಮುಪ್ಪಿನ ಬಗ್ಗೆ ಹೇಳಿದ್ದನ್ನು ಓದಿದ ಮೇಲೆ, ಮಗುವನ್ನು ಸಾಕಿದ ತಾಯಿಗೆ ಒಂದು ಪಾಲು ಇರಬೇಕು ಎಂಬಷ್ಟನ್ನು ಒಪ್ಪುತ್ತೇನೆ. ಹೆತ್ತವರನ್ನು ಮರೆಯಬಾರದು ಎಂಬ ನನ್ನ ಮಾತು ಹಾಗೆಯೇ ಉಳಿಯುತ್ತದೆ. ಮಕ್ಕಳಿಲ್ಲದ ವಿಧವೆಗೆ ಸಾಮಾನ್ಯ ಪಿಂಚಣಿಯಲ್ಲಿ ಏನು ನಿಯಮವೆಂದು ಯಾರೂ ಹೇಳಲಿಲ್ಲ.

ನಿವೃತ್ತ ಸುಬೇದಾರ್, ವಿರಾಜಪೇಟೆ:
2006ರ ಜನವರಿಯಿಂದ ಅನ್ವಯವಾದ ನಿಯಮದಂತೆ, ಮಕ್ಕಳಿಲ್ಲದ ವಿಧವೆಗೆ ಮರುಮದುವೆಯ ನಂತರವೂ ಸಾಮಾನ್ಯ ಕುಟುಂಬ ಪಿಂಚಣಿ ಮುಂದುವರಿಯುತ್ತದೆ. ಅವಳ ಸ್ವಂತ ಆದಾಯ ಕೇಂದ್ರದ ಕನಿಷ್ಠ ಕುಟುಂಬ ಪಿಂಚಣಿಯಾದ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಪರಿಹಾರವನ್ನು ಮುಟ್ಟುವವರೆಗೆ ಮಾತ್ರ. ಎಲ್ಲ ಮೂಲಗಳ ಆದಾಯವೂ ಇದರಲ್ಲಿ ಸೇರುವುದರಿಂದ, ಅವಳ ಹೆಸರಿನಲ್ಲಿ ಒಂದಿಷ್ಟು ಕಾಫಿ ತೋಟವಿದ್ದು, ನೆರಳಿನ ಮರಗಳಿಗೆ ಕರಿಮೆಣಸು ಹಬ್ಬಿದ್ದರೆ, ಒಳ್ಳೆಯ ಬೆಲೆ ಬಂದ ವರ್ಷ ಈ ಮಿತಿ ದಾಟಿಬಿಡಬಹುದು. ಕೊಡಗಿನವರು ಈ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕುಶಾಲನಗರದ ಮಾಜಿ ಹವಾಲ್ದಾರ್:
ನನ್ನ ಪತ್ನಿ ತೀರಿಕೊಂಡಿದ್ದಾರೆ, ನನಗೆ ಅಂಗವೈಕಲ್ಯ ಪಿಂಚಣಿ ಬರುತ್ತಿದೆ. ನಾನು ಮತ್ತೆ ಮದುವೆಯಾದರೆ ಅದಕ್ಕೆ ತೊಂದರೆಯಾಗುತ್ತದೆಯೇ?

ನಿವೃತ್ತ ಸುಬೇದಾರ್, ವಿರಾಜಪೇಟೆ:
ಇಲ್ಲ. ಅದು ನಿಮ್ಮ ಸ್ವಂತ ಸೇವೆಯ ಪಿಂಚಣಿ. ನಿಮ್ಮ ನಂತರ ಹೊಸ ಪತ್ನಿಗೂ ಕುಟುಂಬ ಪಿಂಚಣಿಯ ಹಕ್ಕಿದೆ; ನಿವೃತ್ತಿಯ ಬಳಿಕ ಮದುವೆಯಾದ ಸಂಗಾತಿಯನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಭಗವಂತಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಮೊದಲ ಪತ್ನಿಯ ಮರಣ ಪ್ರಮಾಣಪತ್ರ, ಹೊಸ ವಿವಾಹದ ಪ್ರಮಾಣಪತ್ರ, ಜಂಟಿ ಭಾವಚಿತ್ರಗಳನ್ನು ನಿಮ್ಮ ರೆಕಾರ್ಡ್ ಕಚೇರಿಗೆ ಕಳುಹಿಸಿ, ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಅವರ ಹೆಸರು ಬಂದಿದೆಯೇ ಎಂದು ನೀವಿರುವಾಗಲೇ ಖಚಿತಪಡಿಸಿಕೊಳ್ಳಿ.

ಪೊನ್ನಂಪೇಟೆಯ ಅಣ್ಣ:
ಪಿಪಿಓ ತೆಗೆದು ನೋಡಿದೆವು. ಸಾಮಾನ್ಯ ಕುಟುಂಬ ಪಿಂಚಣಿ ಎಂದಿದೆ. ಹೃದಯಾಘಾತಕ್ಕೂ ಸೇವೆಗೂ ಸಂಬಂಧವಿಲ್ಲ ಎಂಬ ಪತ್ರವೂ ಅದರ ಜೊತೆಗಿದೆ. ಆಗಿನ ದುಃಖದಲ್ಲಿ ಅದನ್ನು ಯಾರೂ ಓದಿರಲಿಲ್ಲ.

ಮಡಿಕೇರಿಯ ವಕೀಲೆ:
ಹಾಗಾದರೆ ಆ ಪತ್ರವೇ ನಿಮ್ಮ ಮೊದಲ ಕೆಲಸ. ಸೇನೆಗೆ ಸೇರುವಾಗ ಇಲ್ಲದಿದ್ದ ಕಾಯಿಲೆ ಸೇವೆಯಲ್ಲಿ ಕಾಣಿಸಿಕೊಂಡರೆ, ಅದು ಸೇವೆಯಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆ ಸೈನ್ಯದ್ದು ಎಂದು 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣ ಅಂಗವೈಕಲ್ಯ ಪಿಂಚಣಿಯದ್ದಾದರೂ ನಿಮ್ಮ ವಾದಕ್ಕೆ ಬಲ ಕೊಡುತ್ತದೆ. ಭಾವನವರು ಕೊನೆಯಲ್ಲಿ ಯಾವ ಪ್ರದೇಶದಲ್ಲಿ, ಎಂತಹ ಕರ್ತವ್ಯದಲ್ಲಿದ್ದರು ಎಂಬ ದಾಖಲೆಗಳನ್ನು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ತರಿಸಿಕೊಂಡು ಮೇಲ್ಮನವಿ ಹಾಕಿ. ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ವಿಶೇಷ ಪಿಂಚಣಿ ಮಂಜೂರಾದರೆ, ಮಗಳನ್ನು ಸಾಕುತ್ತಿರುವ ತಂಗಿಗೆ ಮರುಮದುವೆಯ ನಂತರವೂ ಅದು ನಿಲ್ಲುವುದಿಲ್ಲ. ಈ ಕೆಲಸ ನಿಧಾನದ್ದು, ಅದಕ್ಕಾಗಿ ಮದುವೆಯನ್ನು ಮುಂದೂಡಬೇಕಾಗಿಲ್ಲ. ಮದುವೆ ನಡೆದರೆ ನೋಂದಣಿ ಮಾಡಿಸಿ, ಅದೇ ವಾರ ಪಿಂಚಣಿ ಕಚೇರಿಗೆ ತಿಳಿಸಿ, ಮಗಳ ಹೆಸರಿಗೆ ಬದಲಾಯಿಸುವ ಅರ್ಜಿಯನ್ನೂ ಜೊತೆಗೇ ಕೊಡಿ. ಮೇಲ್ಮನವಿ ಅದರ ಪಾಡಿಗೆ ನಡೆಯಲಿ.