ಕಲರ್ ತಗಡಿನ ಬಣ್ಣ ಪುಡಿ ಏಳ್ತಿದೆ: ತೊಳೆದು ಉಳಿಸೋದಾ, ಪೇಂಟ್ ಹೊಡೆಯೋದಾ?

ಪಡುಗೋಡೆ:
ಊರು ಕಾರವಾರ, ಕಡಲು ಅರ್ಧ ಕಿಲೋಮೀಟರ್. ಪಡುವಣ ಬದಿಯ ಚಿರೇಕಲ್ಲಿನ ಗೋಡೆಗೆ ಮಳೆ ಹೊಡೆದು ನೀರು ಒಳಗಿಳೀತದೆ ಅಂತ ನೀಲಿ ಕಲರ್ ತಗಡು ಹಾಕಿಸಿ 9 ವರ್ಷ ಆಯ್ತು. 30 ಅಡಿ ಉದ್ದ, 10 ಅಡಿ ಎತ್ತರ. ಈಗ ಕೈ ಸವರಿದ್ರೆ ಬೆರಳಿಗೆ ಸೀಮೆಸುಣ್ಣದ ಹಾಗೆ ಪುಡಿ ಹತ್ತುತ್ತೆ. ಸ್ಕ್ರೂ ಸುತ್ತ ತುಕ್ಕು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಬೆರೆಸಿ ಒರೆಸಿ ಅಂತ ಕೆಲವರು. ಪೇಂಟಿನವರು ನೇರ ಆಯಿಲ್ ಪೇಂಟ್ ಅಂತಾರೆ. ಯಾವುದು ಮಾಡಿಸಲಿ?

ತಗಡು ಕೆಲಸ:
ಎರಡೂ ಬೇಡ. ಆ ಪುಡಿ ತುಕ್ಕಲ್ಲ. ಬಿಸಿಲಿಗೆ ಬಣ್ಣದೊಳಗಿನ ರಾಳ ಸವೆದು, ಬಣ್ಣದ ಕಣ ಹಿಡಿತ ತಪ್ಪಿ ಮೇಲೆ ಕೂತಿದೆ. ಫ್ಯಾಕ್ಟರಿ ಬಣ್ಣದ ದಪ್ಪ ಸಾಮಾನ್ಯವಾಗಿ 20–25 ಮೈಕ್ರಾನ್ ಅಷ್ಟೇ. ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ಬರಿಸುವ ಪೇಸ್ಟ್), ತಂತಿ ಬ್ರಷ್ ಹಾಕಿ ಇಡೀ ತಗಡು ತಿಕ್ಕಿದರೆ ಇದ್ದದ್ದೂ ಹೋಗ್ತದೆ.

ಮೊದಲು ಕಣ್ಣೆತ್ತರದಲ್ಲಿ ಒಂದಡಿ ಜಾಗ ತೊಳೆದು ನೋಡಿ. 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್. ಸೋಡಾ ಬೇಡ, ಕ್ಷಾರ ಬಣ್ಣದಡಿ ತಗಡಿಗಿರುವ ಸತುವಿನ ಲೇಪ ತಿನ್ನುತ್ತದೆ. ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಒರೆಸಿ. ಬಟ್ಟೆಗೆ ಪುಡಿ ಹತ್ತದೆ, ನೀಲಿ ಒಂದೇ ಸಮ ಕಂಡರೆ ಸದ್ಯಕ್ಕೆ ತೊಳೆದರೆ ಸಾಕು. ಒಳಗಿನ ಪ್ರೈಮರ್ ಅಥವಾ ಬೆಳ್ಳಿ ಮಿಂಚು ಇಣುಕಿದರೆ ಪೇಂಟೇ ಗತಿ.

ಎಣ್ಣೆ ಒರೆಸಿದಾಗ ಬರುವ ಹೊಳಪು ಒದ್ದೆ ತಗಡಿನ ಹೊಳಪು. ಧೂಳು ಹಿಡೀತದೆ, ಮುಂದೆ ಪೇಂಟೂ ಕೂರೋದಿಲ್ಲ. ಈಗಾಗಲೇ ಒರೆಸಿದ್ದರೆ ಟರ್ಪೆಂಟೈನ್‌ನಲ್ಲಿ, ಬಟ್ಟೆ ಬದಲಿಸ್ತಾ ತೆಗೀಬೇಕು.

ಬ್ರಷ್ಷು ರೋಲರು:
ಆಯಿಲ್ ಪೇಂಟ್ ಯಾಕೆ ಬೇಡ ಅಂದರೆ, ಸತು ಬಯಲಾದ ಕಡೆ ಅದರ ಎಣ್ಣೆ ಸತುವಿನ ಜತೆ ಸೇರಿ ಸಾಬೂನಾಗ್ತದೆ. ಆಮೇಲೆ ಹಪ್ಪಳದ ಹಾಗೆ ಎದ್ದು ಬರ್ತದೆ. ರೆಡ್ ಆಕ್ಸೈಡ್ ಪ್ರೈಮರಿನ ಕತೆಯೂ ಅದೇ. ಸತುವಿನ ತಗಡಿಗೆ ಆಗುವ ನೀರಿನ ಅಕ್ರಿಲಿಕ್ ಪೇಂಟ್ ಕೇಳಿ. ಬೆಳ್ಳಿ ಕಂಡ ಜಾಗಕ್ಕೆ ಎಚ್ (etch) ಪ್ರೈಮರ್, ಅಂದರೆ ನುಣುಪು ಸತುವಿಗೆ ಕಚ್ಚಿ ಹಿಡಿಯುವಂಥದ್ದು; ತುಕ್ಕಿನ ಜಾಗಕ್ಕೆ ಕೆರೆದು ಜಿಂಕ್ ಫಾಸ್ಫೇಟ್ ಪ್ರೈಮರ್.

ನಿಮ್ಮದು 28 ಚದರ ಮೀಟರ್, ತಗಡಿನ ಏರಿಳಿತ ಸೇರಿ 32 ಹಿಡೀರಿ. ಲೀಟರಿಗೆ 9–10 ಚದರ ಮೀಟರ್ ಲೆಕ್ಕದಲ್ಲಿ ಎರಡು ಕೋಟ್ ಪೇಂಟಿಗೆ ಸುಮಾರು 7 ಲೀಟರ್. 4 ಲೀಟರಿನ ಎರಡು ಡಬ್ಬ ತನ್ನಿ.

ಕೆಳಗಿಂದ ಮೇಲಕ್ಕೆ ಉಜ್ಜಿ, ಮೇಲಿಂದ ಕೆಳಕ್ಕೆ ತೊಳೆಯಿರಿ. ಇಲ್ಲವಾದರೆ ಕೊಳೆ ನೀರಿನ ಗೆರೆ ಉಳೀತದೆ. ಕೊನೇ ನೀರು ಸಿಹಿ ನೀರೇ ಆಗಬೇಕು, ಉಪ್ಪುಬಾವಿ ನೀರು ಬೇಡವೇ ಬೇಡ. ಪೇಂಟ್ ಹೊಡೆಯೋ ಹೊತ್ತು ಮುಖ್ಯ: ಪಡುಗೋಡೆಗೆ ಬೆಳಗ್ಗೆ ನೆರಳಿರ್ತದೆ. ಇಬ್ಬನಿ ಆರಿದ ಮೇಲೆ ಶುರು ಮಾಡಿ, ಬಿಸಿಲು ತಗಡಿಗೆ ಬೀಳುವ ಮೊದಲು ಮುಗಿಸಿ. ಕಾದ ತಗಡಿನ ಮೇಲೆ ಪೇಂಟ್ ಎಳೆಯೋ ಮೊದಲೇ ಒಣಗಿ ರೋಲರಿನ ಪಟ್ಟೆ ಬೀಳ್ತದೆ.

ಶಿರಸಿ ಮೇಲಿನಮನೆ:
ಘಟ್ಟದ ಮೇಲಿನವರಿಗೆ ಒಂದು ಮಾತು. ಇಲ್ಲಿ ಉಪ್ಪಿಗಿಂತ ಪಾಚಿ ಹೆಚ್ಚು. 1 ಲೀಟರ್ ಬ್ಲೀಚ್ ದ್ರಾವಣಕ್ಕೆ 4 ಲೀಟರ್ ನೀರು, 5 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಜತೆಗೆ ಆಸಿಡ್ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ತಗಡಿನ ಮೇಲೆ ಹಾರಿದ್ದನ್ನು ಅಂದೇ ನೀರು ಬಿಟ್ಟು ತೊಳೆಯಬೇಕು. ಮೈಲುತುತ್ತದ ತಾಮ್ರ, ಬಣ್ಣ ಹೋದ ಜಾಗದ ಸತುವನ್ನು ತೂತು ತೂತಾಗಿ ತಿನ್ನುತ್ತದೆ.

ಪಡುಗೋಡೆ:
ತೊಳೆದು ನೋಡಿದೆ. ನಡುವೆ ನೀಲಿ ಒಂದೇ ಸಮ ಇದೆ. ಆದರೆ ಕೆಳಗಿನ ಅಂಚಲ್ಲಿ ಗುಳ್ಳೆ. ಸೂರಿನಡಿಯ ಮೊದಲ ಎರಡಡಿಯಲ್ಲಿ ಬಿಳಿ ಬೂಷ್ಟಿನ ಹಾಗೆ ಕಟ್ಟಿದೆ, ಅಲ್ಲಿಗೆ ಮಳೆ ತಾಗೋದೇ ಇಲ್ಲ.

ತಗಡು ಕೆಲಸ:
ಮಳೆ ತೊಳೆಯದ್ದಕ್ಕೇ ಅಲ್ಲಿ ಉಪ್ಪು ಕೂತು ಸತು ಬಿಳಿ ತುಕ್ಕಾಗಿದೆ. ನೈಲಾನ್ ಬ್ರಷ್‌ನಲ್ಲಿ ಕಿತ್ತು ತೊಳೆದು ಮೇಲ್ಗಡೆ ಆ ಎರಡಡಿ ಪಟ್ಟಿಗೆ ಮಾತ್ರ ಪ್ರೈಮರ್, ಪೇಂಟ್ ಹೊಡೆಸಿ. ಆಮೇಲೆ ತಿಂಗಳಿಗೊಮ್ಮೆ ಪೈಪ್ ಹಿಡಿದು ಸೂರಿನಡಿಗೆ ಸಿಹಿ ನೀರು ಬಿಡಿ. ಕೆಳ ಅಂಚಿನ ಗುಳ್ಳೆ ಕೆರೆಯಿರಿ, ಗಟ್ಟಿ ಬಣ್ಣ ಸಿಗುವ ತನಕ. ಕೆರೆದ ಜಾಗಕ್ಕೂ ಪ್ರೈಮರ್, ಪೇಂಟ್ ಬೇಕು. ತೂತು ಬಿದ್ದಿದ್ದರೆ ಆ ಅಂಚನ್ನು ಕತ್ತರಿಯಲ್ಲೇ ಕತ್ತರಿಸಿ. ಗ್ರೈಂಡರ್ ಹಾಕಿದರೆ ಕಿಡಿ ಬಣ್ಣದಲ್ಲಿ ಹೂತು ಹೊಸ ತುಕ್ಕಿನ ಚುಕ್ಕೆ ಏಳ್ತದೆ. ನೆಲಕ್ಕೂ ತಗಡಿಗೂ 2 ಇಂಚು ಬಿಡಿ. ತುಕ್ಕಿನ ಸ್ಕ್ರೂ ಬಿಚ್ಚಿದ ತೂತಿಗೆ ಅದೇ ಅಳತೆ ನಿಲ್ಲೋದಿಲ್ಲ: 5.5 ಇದ್ದದ್ದಕ್ಕೆ 6.3 ಮಿಲಿಮೀಟರ್ ಹಾಕಿ, ರಬ್ಬರ್ ವಾಷರ್ ಉಬ್ಬಿ ಹೊರಬರುವಷ್ಟು ಬಿಗಿ ಮಾಡಬೇಡಿ.