ಉತ್ತರ: ಗಣಿತ 'ಆವಿಷ್ಕಾರ'ವೋ 'ಅನ್ವೇಷಣೆ'ಯೋ? ಬೋರ್ಡಿಗೆ ಪದ ಬೇಕು

ಮಾಷ್ಟ್ರೇ, ಗಣಿತ ಮನುಷ್ಯರು ಹೊಸದಾಗಿ ಮಾಡಿದ್ದೋ, ಮೊದಲೇ ಇದ್ದದ್ದು ನಮಗೆ ಸಿಕ್ಕಿದ್ದೋ ಎಂದು ಕೇಳಲು ಕನ್ನಡದಲ್ಲಿ ಯಾವ ಪದ ಅಂತ ಕೇಳಿದ್ದೀರಿ, ಶನಿವಾರದ ಗಣಿತ ಮೇಳಕ್ಕೆ ಬೋರ್ಡು ಆಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಪದ: 'ಗಣಿತ: ಕಂಡದ್ದೋ, ಕಟ್ಟಿದ್ದೋ?' ಪೈಂಟರಿಗೆ ಇಷ್ಟು ಕೊಟ್ಟುಬಿಡಿ. ಉಳಿದದ್ದು, ಬೇರೆ ಬೇರೆ ಪದ ಸೂಚಿಸಿದವರ ಜೊತೆ ನಮ್ಮ ಜಗಳ.

ಆವಿಷ್ಕಾರ ಬೇಡವೇ ಬೇಡ. 'ಆವಿಸ್' ಅಂದರೆ ಬಯಲಿಗೆ, ಕಣ್ಣಿಗೆ ಬೀಳುವ ಹಾಗೆ. ಮುಚ್ಚಿದ್ದನ್ನು ತೆರೆದು ತೋರಿಸುವ ಪದವನ್ನು ತಂದು, ಇಲ್ಲದ್ದನ್ನು ಹೊಸದಾಗಿ ಮಾಡುವುದಕ್ಕೆ ಅಂಟಿಸಿದ್ದೇವೆ. ಅನ್ವೇಷಣೆ ಬರೀ ಹುಡುಕಾಟ, ಸಿಗಲೇಬೇಕು ಅಂತೇನಿಲ್ಲ.

'ಕಂಡುಹಿಡಿ' ಸಾಕಲ್ಲ ಅಂದವರಿಗೆ: ಸಾಲದು. ಬಲ್ಬನ್ನೂ ಕಂಡುಹಿಡಿದರು, ಗುರುಗ್ರಹದ ಚಂದ್ರರನ್ನೂ ಕಂಡುಹಿಡಿದರು; ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ಒಂದೇ ಪದ. ನಮ್ಮ ಕಾಸರಗೋಡಿನಲ್ಲಿ ಪಕ್ಕದಲ್ಲೇ ನಿಲ್ಲುವ ಮಲಯಾಳ ಬೋರ್ಡಿನವರು ಮಾಡಿದ್ದಕ್ಕೆ ಕಂಡುಪಿಡಿತ್ತಂ, ಸಿಕ್ಕಿದ್ದಕ್ಕೆ ಕಂಡೆತ್ತಲ್ ಅಂತ ಎರಡು ಮಾಡಿಕೊಂಡಿದ್ದಾರೆ. ಅದನ್ನು ನೋಡಿ 'ಕಂಡೆತ್ತು' ಅಂತ ಶುರು ಮಾಡಬೇಡಿ, ದಯವಿಟ್ಟು.

'ಹೊಸ'ದಿಂದ 'ಹೊಸೆ' ಬಂತು, ಅದೇ ಇರಲಿ ಅನ್ನುವುದು ಸುಮ್ನೆ ಮಾತು. ಹೊಸೆಯುವುದು ಬತ್ತಿಯನ್ನು. ಅಜ್ಜಿ ತೊಡೆಯ ಮೇಲೆ ಹತ್ತಿ ಇಟ್ಟು, ಅಂಗೈಗೆ ಚೂರು ಬೂದಿ ಹಚ್ಚಿಕೊಂಡು ಉಜ್ಜುತ್ತಿದ್ದರು. ಹತ್ತಿ ಮೊದಲೇ ಇತ್ತು, ಬತ್ತಿ ಇರಲಿಲ್ಲ. ಗಣಿತಕ್ಕೆ ಇದೇ ಸರಿಯಾದ ಪದವೇನೋ, ಆದರೆ ಬೋರ್ಡು ಓದುವ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ.

'ಸತ್ಯವನ್ನು ಯಾರೂ ಕಟ್ಟುವುದಿಲ್ಲ, ಕಾಣುವುದೇ' ಎಂದು ಒಬ್ಬರು ತೀರ್ಪು ಕೊಟ್ಟಿದ್ದಾರೆ. ಅಷ್ಟು ಸಲೀಸಲ್ಲ. ರಾಷ್ಟ್ರಕೂಟರ ಕಾಲದ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲ ಇಲ್ಲ ಎಂದು ಬರೆದ. ಅವನ ಸಂಖ್ಯೆಗಳಲ್ಲಿ ಅದು ಸತ್ಯ. 1572ರಲ್ಲಿ ಇಟಲಿಯ ಬೊಂಬೆಲ್ಲಿ ಅಂಥ ಮೂಲಕ್ಕೂ ಕೂಡುವ, ಗುಣಿಸುವ ನಿಯಮ ಕಟ್ಟಿದ. ಅದೂ ಸತ್ಯ. ಹಾಗಂತ ಎಲ್ಲ ಕಟ್ಟಿದ್ದೇ ಅನ್ನೋಣವೇ? ಪೈ ಲೆಕ್ಕ ಹಾಕುವ ಒಂದೇ ಶ್ರೇಣಿ ಕೇರಳದ ಮಾಧವನಿಗೂ ಸಿಕ್ಕಿತು, ಸುಮಾರು ಮುನ್ನೂರು ವರ್ಷದ ಮೇಲೆ ಯುರೋಪಿನ ಲೈಬ್ನಿಟ್ಸ್‌ಗೂ ಸಿಕ್ಕಿತು. 'ಸಿಕ್ಕಿತು' ಅಂತಲೇ ಬರುತ್ತೆ ನೋಡಿ ಬಾಯಿಗೆ. ನಿಯಮ ಕಟ್ಟಿಕೊಳ್ಳುತ್ತೇವೆ, ಆಮೇಲೆ ಅದರೊಳಗೆ ಏನು ಇದೆಯೋ ಅದನ್ನು ಕಾಣಬೇಕಷ್ಟೆ, ಬೇಕಾದ ಹಾಗೆ ತಿರುಗಿಸಲು ಬರುವುದಿಲ್ಲ. ಅದಕ್ಕೇ ಎರಡೂ ಕ್ರಿಯಾಪದ ಬೋರ್ಡಿನಲ್ಲಿ ಇರಲಿ ಅಂದದ್ದು.

ಇನ್ನು 'ಗಣಿತ' ಸಂಸ್ಕೃತ, 'ಎಣಿಕೆಯರಿಮೆ' ಬರೆಯಿರಿ ಅಂದವರು ಶನಿವಾರ ಬೋರ್ಡಿನ ಬುಡದಲ್ಲಿ ನಿಂತು ಬಂದವರಿಗೆಲ್ಲ ಅರ್ಥ ಹೇಳಲಿ. ಕಾಸರಗೋಡಿನಲ್ಲಿ ಕನ್ನಡ ಬೋರ್ಡು ಕಂಡರೆ ಸಾಕು ಅಂತ ನಾವಿದ್ದೇವೆ.

ಮಾಷ್ಟ್ರೇ, 'ಕಂಡದ್ದೋ'ದಲ್ಲಿ ಒಂದು ಒತ್ತು, 'ಕಟ್ಟಿದ್ದೋ'ದಲ್ಲಿ ಎರಡು. ಬರೆಸುವಾಗ ಪಕ್ಕದಲ್ಲೇ ನಿಲ್ಲಿ.