ಮನೆಯಲ್ಲೇ ಬ್ರೆಡ್, ತಿಂಡಿ ಮಾಡುವವರು ನಿಮ್ಮ ಅನುಭವ ಹೇಳುತ್ತೀರಾ?

ಮನೆಯಲ್ಲಿ ಐದು ಜನ ಇದ್ದೇವೆ. ದೊಡ್ಡ ಮಗಳಿಗೆ ಏಳು ವರ್ಷ, ಚಿಕ್ಕವನಿಗೆ ಇನ್ನೂ ಹತ್ತು ತಿಂಗಳು. ಬ್ರೆಡ್, ಬಿಸ್ಕತ್ತು ಎಲ್ಲ ಆದಷ್ಟು ಮನೆಯಲ್ಲೇ ಮಾಡೋಣ ಅಂತ ಹೊರಟೆ. ಮೂರು ಸಲ ಬ್ರೆಡ್ ಮಾಡಿದೆ. ಮೂರೂ ಸಲ ಕಲ್ಲಿನ ಹಾಗೆ ಗಟ್ಟಿಯಾಯಿತು. ನಾನು ಕೆಲಸಕ್ಕೂ ಹೋಗುತ್ತೇನೆ, ಹಿಟ್ಟು ಕಾಯುತ್ತ ಕೂರಲು ಆಗುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಸಂಜೆ ಮಗಳಿಗೆ ಕೊಡಲು ಕೆಲವು ದಿನ ಕೆಡದೆ ಉಳಿಯುವ ತಿಂಡಿ ಇದ್ದರೆ ಅದನ್ನೂ ಹೇಳಿ.

* * *

ಮೂರು ಸಲವೂ ಗಟ್ಟಿಯಾಯಿತು ಅಂದರೆ ನನಗೆ ಮೊದಲು ಯೀಸ್ಟ್ ಮೇಲೆ ಅನುಮಾನ, ಆಮೇಲೆ ಅಳತೆಯ ಮೇಲೆ. ನನಗೂ ಶುರುವಿನಲ್ಲಿ ಹೀಗೇ ಆಗಿತ್ತು. ನೀರು ಬಿಸಿಯಾಗಿದ್ದಷ್ಟೂ ಹಿಟ್ಟು ಬೇಗ ಉಬ್ಬುತ್ತದೆ ಅಂದುಕೊಂಡು ಹಬೆಯಾಡುವ ನೀರನ್ನೇ ಯೀಸ್ಟಿಗೆ ಸುರಿಯುತ್ತಿದ್ದೆ. ಯೀಸ್ಟಿಗೆ ಜೀವ ಇದೆ. ಸುಮಾರು 55ರಿಂದ 60 ಡಿಗ್ರಿ ಬಿಸಿ ತಗುಲಿದರೆ ಸಾಯುತ್ತದೆ. ಉಗುರು ಬೆಚ್ಚಗಿನ ನೀರು ಸಾಕು, ಅಂದರೆ 35–38 ಡಿಗ್ರಿ. ಬೆರಳಿಟ್ಟರೆ ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು.

ಯೀಸ್ಟ್ ಬದುಕಿದೆಯಾ ಅಂತ ನೋಡುವುದು ಸುಲಭ. ಅರ್ಧ ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ಮೇಲೆ ದಪ್ಪಗೆ ನೊರೆ ಕಟ್ಟಿದರೆ ಸರಿ. ಏನೂ ಆಗದಿದ್ದರೆ ಆ ಪೊಟ್ಟಣದ ಮೇಲೆ ಆಸೆ ಬಿಡಿ. ಹೊಸದನ್ನು ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ.

ಇನ್ನು ಅಳತೆ. ದಯವಿಟ್ಟು ಒಂದು ಪುಟ್ಟ ತಕ್ಕಡಿ ಇಟ್ಟುಕೊಳ್ಳಿ. ಒಂದೇ ಕಪ್ಪಿಗೆ ಹಿಟ್ಟನ್ನು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಆಗುತ್ತದೆ. ನಾಲ್ಕು ಕಪ್ಪಿಗೆ ಒಂದು ಕಪ್ಪಿನಷ್ಟೇ ವ್ಯತ್ಯಾಸ ಬಂತು. ಅಷ್ಟು ಹಿಟ್ಟು ಜಾಸ್ತಿಯಾದರೆ ಬ್ರೆಡ್ ಮೆತ್ತಗೆ ಬರುವುದು ಹೇಗೆ?

ನನ್ನ ಲೆಕ್ಕ ಇದು. 500 ಗ್ರಾಂ ಮೈದಾ, 310 ಗ್ರಾಂ ನೀರು, 9 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 20 ಗ್ರಾಂ ಸಕ್ಕರೆ, 30 ಗ್ರಾಂ ಬೆಣ್ಣೆ ಅಥವಾ ಎಣ್ಣೆ. ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೇ ಬೆರೆಸಬಹುದು. ಕಲಸಿದಾಗ ಕೈಗೆಲ್ಲ ಅಂಟುತ್ತದೆ. ಎಲ್ಲರೂ ತಪ್ಪುವುದು ಇಲ್ಲೇ, ಅಂಟಿತು ಅಂತ ಹಿಟ್ಟು ಉದುರಿಸುತ್ತಾ ಹೋಗುತ್ತಾರೆ. ಹಾಕಬೇಡಿ. ಹತ್ತು ನಿಮಿಷ ಮುಚ್ಚಿಡಿ, ಆಮೇಲೆ ಕೈಗೆ ಎಣ್ಣೆ ಸವರಿಕೊಂಡು ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ. ಗೋಧಿಯಲ್ಲಿರುವ ಗ್ಲುಟನ್ ನಾದಿದಷ್ಟೂ ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಆ ಬಲೆಯೇ. ನಿಂಬೆ ಗಾತ್ರದ ಹಿಟ್ಟು ತೆಗೆದು ಎರಡೂ ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾದರೆ ಹದ ಬಂತು.

ಉಬ್ಬಲು ಒಂದು ಗಂಟೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆ ಒಂದು ಗಂಟೆಯನ್ನು ನಂಬಬೇಡಿ. ಸೆಕೆಯಲ್ಲಿ ನಲವತ್ತು ನಿಮಿಷಕ್ಕೇ ಆಗಬಹುದು, ಚಳಿಯಲ್ಲಿ ಎರಡು ಗಂಟೆ ಹಿಡಿಯಬಹುದು. ಹಿಟ್ಟನ್ನು ನೇರ ಗೋಡೆಯ ಡಬ್ಬಿಯಲ್ಲಿಟ್ಟು, ಅದರ ಮಟ್ಟಕ್ಕೆ ಹೊರಗಿನಿಂದ ರಬ್ಬರ್ ಬ್ಯಾಂಡ್ ಹಾಕಿ. ಅದರ ಎರಡರಷ್ಟು ಎತ್ತರಕ್ಕೆ ಬಂದಾಗ ತೆಗೆಯಿರಿ. ಆಕಾರ ಕೊಟ್ಟು ಅಚ್ಚಿಗೆ ಹಾಕಿದ ಮೇಲೆ ಮತ್ತೊಮ್ಮೆ ಉಬ್ಬಬೇಕು. ಬೆರಳಿಂದ ಮೆತ್ತಗೆ ಒತ್ತಿ ನೋಡಿ. ಗುಳಿ ತಟ್ಟನೆ ಮುಚ್ಚಿದರೆ ಇನ್ನೂ ಬಿಡಿ, ನಿಧಾನವಾಗಿ ಅರ್ಧ ಮುಚ್ಚಿದರೆ ಓವನ್ನಿಗೆ ಹಾಕಿ, ಮುಚ್ಚಲೇ ಇಲ್ಲ ಅಂದರೆ ಹೊತ್ತು ಮೀರಿದೆ. ಮೊದಲೇ ಕಾಯಿಸಿದ ಓವನ್ನಿನಲ್ಲಿ 190 ಡಿಗ್ರಿಗೆ 30–35 ನಿಮಿಷ.

ಇನ್ನೊಂದು ಮಾತು. ಈ ವಾರ ಒಂದು ಬಗೆ, ಮುಂದಿನ ವಾರ ಇನ್ನೊಂದು ಬಗೆ ಅಂತ ಹೋಗಬೇಡಿ. ಇದೇ ಬ್ರೆಡ್ಡನ್ನು ಎಂಟು ಹತ್ತು ಸಲ ಮಾಡಿ. ಆರನೆಯದೋ ಏಳನೆಯದೋ ಮಾಡುವಾಗ ಮುಟ್ಟಿದ ಕೂಡಲೇ ಹದ ಗೊತ್ತಾಗಲು ಶುರುವಾಗುತ್ತದೆ.

* * *

ಮೇಲಿನವರು ಹೇಳಿದ್ದೆಲ್ಲ ನಿಜ. ನಾನೂ ಕೆಲಸಕ್ಕೆ ಹೋಗುವವಳು, ಹಾಗಾಗಿ ನನ್ನ ದಾರಿ ಹೇಳುತ್ತೇನೆ. ರಾತ್ರಿ ಊಟವಾದ ಮೇಲೆ ಅದೇ ಅಳತೆಯಲ್ಲಿ, ಯೀಸ್ಟ್ ಮಾತ್ರ 3 ಗ್ರಾಂಗೆ ಇಳಿಸಿ ನಾದುತ್ತೇನೆ. ಅರ್ಧ ಗಂಟೆ ಹೊರಗಿಟ್ಟು, ಮುಚ್ಚಿ ಫ್ರಿಜ್ಜಿಗೆ. ತಣ್ಣಗಿದ್ದಾಗ ಯೀಸ್ಟ್ ಬಹಳ ನಿಧಾನವಾಗಿ ಕೆಲಸ ಮಾಡುತ್ತದೆ. ಮರುದಿನ ಸಂಜೆ ಬಂದು ತೆಗೆದರೂ ಏನೂ ಆಗಿರುವುದಿಲ್ಲ, ರುಚಿ ಇನ್ನೂ ಚೆನ್ನಾಗಿರುತ್ತದೆ. ಆಕಾರ ಕೊಟ್ಟ ಮೇಲೆ ಮಾತ್ರ ಒಂದೂವರೆ ಗಂಟೆಯಿಂದ ಎರಡು ಗಂಟೆ ಬೇಕು, ಹಿಟ್ಟು ತಣ್ಣಗಿರುತ್ತದಲ್ವಾ.

ಪೂರ್ತಿ ಗೋಧಿ ಹಿಟ್ಟಿನದೇ ಬೇಕು ಅಂತ ನಾನು ಮೊದಲ ದಿನವೇ ಹಟ ಹಿಡಿದು ಸೋತಿದ್ದೆ. ಅದರಲ್ಲಿರುವ ಹೊಟ್ಟು ನೀರು ಜಾಸ್ತಿ ಹೀರುತ್ತದೆ, ಗ್ಲುಟನ್ ಹೆಣೆಯಲೂ ಬಿಡುವುದಿಲ್ಲ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಇಟ್ಟುಕೊಂಡು 30–40 ಗ್ರಾಂ ನೀರು ಹೆಚ್ಚು ಹಾಕಿ. ಕಲಸಿ ಅರ್ಧ ಗಂಟೆ ಬಿಟ್ಟು ಆಮೇಲೆ ನಾದಿದರೆ ಹೊಟ್ಟು ಮೆತ್ತಗಾಗಿರುತ್ತದೆ.

ಬ್ರೆಡ್ ಮರುದಿನವೂ ಮೆತ್ತಗಿರಬೇಕಾ? ಒಟ್ಟು ಅಳತೆಯಿಂದಲೇ 25 ಗ್ರಾಂ ಹಿಟ್ಟು, 125 ಗ್ರಾಂ ನೀರು ತೆಗೆದು ಸಣ್ಣ ಉರಿಯಲ್ಲಿ ಗಂಜಿ ಹಾಗೆ ಕೈಯಾಡಿಸಿ. ಗಟ್ಟಿಯಾದ ಕೂಡಲೇ ಇಳಿಸಿ, ಆರಿದ ಮೇಲೆ ಹಿಟ್ಟಿಗೆ ಸೇರಿಸಿ. ಬೆಂದ ಹಿಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮನೆಯ ಹಿರಿಯರಿಗೆ ಹಲ್ಲು ಗಟ್ಟಿಯಿಲ್ಲ, ಅವರಿಗೆ ಈ ಬ್ರೆಡ್ಡೇ ಬೇಕು.

* * *

ಸಂಜೆ ತಿಂಡಿಗೆ ನನ್ನ ಮತ ಖಾರದ ಕ್ರ್ಯಾಕರ್‌ಗೆ. 200 ಗ್ರಾಂ ಹಿಟ್ಟು, ಅರ್ಧ ಚಮಚ ಉಪ್ಪು, 40 ಗ್ರಾಂ ಎಣ್ಣೆ, ಮೆಣಸಿನ ಪುಡಿ ಅಥವಾ ಎಳ್ಳು. ಸುಮಾರು 80 ಗ್ರಾಂ ನೀರಿನಲ್ಲಿ ಗಟ್ಟಿಯಾಗಿ ಕಲಸಿ, 2 ಮಿಲಿಮೀಟರಿಗಿಂತ ದಪ್ಪ ಬೇಡ, ಲಟ್ಟಿಸಿ. ಫೋರ್ಕಿನಿಂದ ಚುಚ್ಚಿ, ಇಲ್ಲದಿದ್ದರೆ ಉಬ್ಬಿಬಿಡುತ್ತದೆ. 180 ಡಿಗ್ರಿಯಲ್ಲಿ 12–15 ನಿಮಿಷ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಮೆತ್ತಗಾದರೆ 150 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿ, ಮತ್ತೆ ಗರಿಗರಿ.

ಸಿಹಿ ಬಿಸ್ಕತ್ತಿಗೆ ಒಂದು, ಎರಡು, ಮೂರು ನೆನಪಿಟ್ಟುಕೊಳ್ಳಿ: 100 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ. ಇದನ್ನು ಮಾತ್ರ ನಾದಬಾರದು, ಹಿಟ್ಟು ಒಟ್ಟುಗೂಡಿದರೆ ಸಾಕು. ಬೆಣ್ಣೆ ಜಾಸ್ತಿ, ಹಾಗಾಗಿ ದಿನಾ ಕೊಡುವ ತಿಂಡಿ ಇದಲ್ಲ.

* * *

ಕೇಳಿದವಳು ನಾನೇ. ಯೀಸ್ಟ್ ಪರೀಕ್ಷೆ ಮಾಡಿದೆ, ಒಂದು ಗುಳ್ಳೆಯೂ ಬರಲಿಲ್ಲ! ಹೊಸದು ತಂದು, ತೂಕ ಮಾಡಿ ಹಾಕಿದೆ. ನಾಲ್ಕನೆಯ ಬ್ರೆಡ್ ಅಚ್ಚಿನ ಮೇಲಕ್ಕೆ ಎದ್ದು ನಿಂತಾಗ ಕಣ್ಣಲ್ಲಿ ನೀರೇ ಬಂತು. ಆದರೆ ಕತ್ತರಿಸಿದರೆ ಒಳಗೆ ಅಂಟು ಅಂಟು, ಚಾಕುವಿಗೆಲ್ಲ ಮೆತ್ತಿಕೊಂಡಿತು. ಬೆಂದಿಲ್ಲವೇನೋ?

* * *

ಬಿಸಿ ಇರುವಾಗಲೇ ಕತ್ತರಿಸಿದಿರಾ? ಹಾಗಿದ್ದರೆ ಬೆಂದಿದ್ದರೂ ಅಂಟುತ್ತದೆ. ಹೊರಗೆ ತೆಗೆದ ಮೇಲೂ ಒಳಗಿನ ಪಿಷ್ಟ ಗಟ್ಟಿಯಾಗುತ್ತಾ, ಹಬೆ ಹೋಗುತ್ತಾ ಇರುತ್ತದೆ. ಅಚ್ಚಿನಿಂದ ತೆಗೆದು ಜಾಲರಿಯ ಮೇಲೆ ಕಡಿಮೆಯೆಂದರೂ ಒಂದು ಗಂಟೆ ಬಿಡಿ. ಆ ಪರಿಮಳಕ್ಕೆ ಮಕ್ಕಳು ಕಾಯುವುದು ಕಷ್ಟ, ಗೊತ್ತು. ನಾನು ಸ್ವಲ್ಪ ಹಿಟ್ಟು ತೆಗೆದಿಟ್ಟು ಎರಡು ಪುಟ್ಟ ಬನ್ ಮಾಡಿಬಿಡುತ್ತೇನೆ. ಅವು ಬೇಗ ಆರುತ್ತವೆ, ಅವರ ಕೈಗೆ ಅದನ್ನು ಕೊಡುತ್ತೇನೆ. ಆರಿದ ಮೇಲೂ ಅಂಟಿದರೆ ಮಾತ್ರ ಬೆಂದಿಲ್ಲ ಅಂತ ಅರ್ಥ. ಥರ್ಮಾಮೀಟರ್ ಇದ್ದರೆ ನಡುವೆ ಚುಚ್ಚಿ ನೋಡಿ, 93 ಡಿಗ್ರಿ ಆಸುಪಾಸು ಇರಬೇಕು.

ಉಳಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಬೇಗ ಒಣಕಲಾಗುತ್ತದೆ. ಎರಡು ದಿನಕ್ಕೆ ಬೇಕಾದಷ್ಟು ಹೊರಗಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿನಲ್ಲಿಡಿ. ಬೇಕಾದಾಗ ಹಾಗೇ ಕಾವಲಿಯ ಮೇಲೆ ಬಿಸಿ ಮಾಡಬಹುದು.

* * *

ಹತ್ತು ತಿಂಗಳ ಮಗು ಇದೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ವರ್ಷ ತುಂಬುವವರೆಗೆ ಜೇನು ಹಾಕಿದ ಯಾವುದನ್ನೂ ಕೊಡಬೇಡಿ, ಓವನ್ನಿನಲ್ಲಿ ಬೇಯಿಸಿದ್ದರೂ ಬೇಡ. ಜೇನಿನಲ್ಲಿ ಇರಬಹುದಾದ, ಬೊಟುಲಿಸಂ ಎಂಬ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಆ ಬಿಸಿಗೆ ಸಾಯುತ್ತವೆ ಅಂತ ನಂಬುವ ಹಾಗಿಲ್ಲ. ಗೋಡಂಬಿ, ಬಾದಾಮಿಯನ್ನು ಐದು ವರ್ಷದ ಒಳಗಿನವರಿಗೆ ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕವನ ಪಾಲಿನ ಹಿಟ್ಟಿಗೆ ಉಪ್ಪು ಹಾಕಬೇಡಿ. ಮತ್ತೆ ಮಗಳು ಹಸಿ ಹಿಟ್ಟು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಬೇಯದ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

* * *

ಜೇನಿನ ವಿಷಯ ಗೊತ್ತೇ ಇರಲಿಲ್ಲ, ಸಕ್ಕರೆಗೆ ಬದಲು ಅದನ್ನೇ ಹಾಕೋಣ ಅಂತಿದ್ದೆ. ತುಂಬಾ ಉಪಕಾರ ಆಯಿತು. ಹೌದು, ಬಿಸಿಯಲ್ಲೇ ಕತ್ತರಿಸಿದ್ದೆ. ಐದನೆಯ ಬ್ರೆಡ್ಡಿನ ಹಿಟ್ಟು ಈಗಷ್ಟೇ ಫ್ರಿಜ್ಜಿಗೆ ಹೋಯಿತು. ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದ್ದು ಮಗಳು. ಬೆಳಿಗ್ಗೆ ಎದ್ದ ಕೂಡಲೇ ತಾನೇ ಮೊದಲು ನೋಡಬೇಕಂತೆ.